ತೊಂಬತ್ತು ಕೆ.ಜಿ. ದಾಟಿದವರು ಹಳೇ ವಿಂಡ್‌ಸರ್ಫಿಂಗ್ ಬೋರ್ಡ್ ಕೊಳ್ಳುವ ಮೊದಲು ಓದಿ

ಮೂಲ್ಕಿ ಬಳಿಯ ಸಸಿಹಿತ್ಲು ಅಳಿವೆಯಲ್ಲಿ ಕಲಿಯಲೆಂದು ನಮ್ಮ ತಂಡದವರೊಬ್ಬರು ಕೊಂಡ ಸೆಕೆಂಡ್ ಹ್ಯಾಂಡ್ ಬೋರ್ಡ್ ಮೊದಲ ದಿನವೇ ಕೈಕೊಟ್ಟಿತು. ಬೋರ್ಡಿನ ಗಾತ್ರ 115 ಲೀಟರ್, ಅವರ ತೂಕ 98 ಕೆ.ಜಿ. ಮಾರಿದವರು ಹೇಳಿದ್ದು, "ನೂರು ಕೆ.ಜಿ.ಯವರಿಗೂ ಧಾರಾಳ ಸಾಕು ಮಾರಾಯ್ರೆ." ಹಗ್ಗ ಹಿಡಿದು ಹಾಯಿ ಎತ್ತಲು ನಿಂತರೆ ಡೆಕ್ (ಬೋರ್ಡಿನ ಮೇಲ್ಮೈ) ಮೇಲೆ ಕಾಲಿನ ಗಂಟು ಮುಳುಗುವಷ್ಟು ನೀರು.

ಲೆಕ್ಕ ಹಾಕಿದ್ದರೆ ದಡದಲ್ಲೇ ಗೊತ್ತಾಗುತ್ತಿತ್ತು. ಒಂದು ಲೀಟರ್ ಗಾತ್ರವನ್ನು ಸಮುದ್ರದ ನೀರು ಸುಮಾರು 1.025 ಕೆ.ಜಿ.ಯಷ್ಟು ಎತ್ತಿಹಿಡಿಯುತ್ತದೆ. ಅಂದರೆ 115 ಲೀಟರಿಗೆ 118 ಕೆ.ಜಿ. ಹೊರಬೇಕಾದ್ದೋ? ಆಳು 98, ಒದ್ದೆ ಜಾಕೆಟ್ ಮತ್ತು ಹಾರ್ನೆಸ್ (ಹಾಯಿಗೆ ಕೊಕ್ಕೆ ಹಾಕುವ ಪಟ್ಟಿ) 4, ಮಾಸ್ಟ್ (ಹಾಯಿಯ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು), ಹಾಯಿ ಸೇರಿ 11, ಬೋರ್ಡಿನದೇ ತೂಕ 12. ಒಟ್ಟು 125. ಹಾಯಿ ನೀರಲ್ಲಿ ಮಲಗಿರುವಾಗ ತನ್ನಷ್ಟಕ್ಕೆ ತೇಲುತ್ತದೆ. ಎಳೆದೆತ್ತುವಾಗ ಅದರ ಭಾರ, ಅದರ ಮೇಲಿನ ನೀರಿನ ಭಾರ, ಎಲ್ಲ ನಿಮ್ಮ ಪಾದದಡಿಗೆ ಬರುತ್ತದೆ.

ನುರಿತವರು ಇದೇ ತೂಕದಲ್ಲಿ 115 ಲೀಟರ್ ಓಡಿಸುತ್ತಾರೆ, ನಿಜ. ಅವರು ನೀರಲ್ಲಿದ್ದುಕೊಂಡೇ ಹಾಯಿಗೆ ಗಾಳಿ ಹಿಡಿದು ಮೇಲೇಳುತ್ತಾರೆ. ಆಮೇಲೆ ವೇಗವೇ ಬೋರ್ಡನ್ನು ಎತ್ತುತ್ತದೆ. ಅದಕ್ಕೆ ಜೋರು ಗಾಳಿ ಬೇಕು. ಮಧ್ಯಾಹ್ನದ ಹದವಾದ ಪಡುಗಾಳಿ ನಂಬಿದರೆ ಆಗದು. ಕಲಿಯುವವರು ತಮ್ಮ ತೂಕಕ್ಕೆ ನೂರು ಸೇರಿಸಿ: 98 ಕೆ.ಜಿ.ಗೆ 200 ಲೀಟರ್ ಆಸುಪಾಸು, ಅಗಲ 80 ಸೆಂ.ಮೀ.ಗಿಂತ ಹೆಚ್ಚು, ನಡುವೆ ಪಕ್ಕಕ್ಕೆ ಜಾರದಂತೆ ನೀರಿಗಿಳಿಯುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡ್ ಇದ್ದರೆ ಉತ್ತಮ. ಬೋರ್ಡ್ ತಿರುಗಿಸಲು ಬಂದ ಮೇಲೆ ತೂಕಕ್ಕಿಂತ 40-50 ಲೀಟರ್ ಜಾಸ್ತಿ ಇದ್ದರೆ ಸಾಕು. ಗಾತ್ರವೆಲ್ಲ ಹಿಂದೆ, ಬಾಲದಲ್ಲೇ ತುಂಬಿರುವ ಬೋರ್ಡ್ ಬೇಡ. ಹಾಯಿ ಎತ್ತುವಾಗ ನೀವು ನಿಲ್ಲುವುದು ಬಾಲದಲ್ಲಲ್ಲ, ಮಾಸ್ಟ್ ಬುಡದಲ್ಲಿ.

ಆ ಬೋರ್ಡ್ ಮೊದಲೇ ಚಿಕ್ಕದು, ಸಾಲದ್ದಕ್ಕೆ ನೀರೂ ಕುಡಿದಿತ್ತು. 8 ಕೆ.ಜಿ. ಇರಬೇಕಾದ್ದು 12 ಆಗಿದ್ದು ಅದಕ್ಕೇ. ಮೂತಿಯ ಮೇಲೊಂದು ಚಂದದ ಸ್ಟಿಕ್ಕರ್. ಕಿತ್ತು ನೋಡಿದರೆ ಮಾಸ್ಟ್ ಬಡಿದು ಆದ ಕೂದಲೆಳೆಯ ಬಿರುಕು. ಅಲ್ಲಿಂದ ಇಳಿದ ನೀರನ್ನು ಒಳಗಿನ ಥರ್ಮೋಕೋಲ್ ಹೀರಿಕೊಂಡರೆ ವಾರಗಟ್ಟಲೆ ಒಣಗಿಸಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ನಿಂತು ತೂಕ ನೋಡುವ ಮೆಷಿನ್ ಒಯ್ಯಿರಿ. ಬೋರ್ಡ್ ಕಂಕುಳಲ್ಲಿ ಹಿಡಿದು ನಿಂತು, ನಿಮ್ಮ ತೂಕ ಕಳೆಯಿರಿ. ಹಲಸಿನ ಹಣ್ಣು ಬಡಿದು ನೋಡುತ್ತೇವಲ್ಲ, ಹಾಗೇ ಹಿಮ್ಮಡಿ ಊರುವ ಜಾಗವನ್ನು ನಾಣ್ಯದಿಂದ ತಟ್ಟಿ. ಗಟ್ಟಿ ಇದ್ದರೆ ಟಕ್ ಟಕ್ ಎನ್ನುತ್ತದೆ. ಮೇಲ್ಪದರ ಬಿಟ್ಟಿದ್ದರೆ ಸದ್ದು ಮಂದವಾಗುತ್ತದೆ, ಹೆಬ್ಬೆರಳು ಒತ್ತಿದರೆ ತಗ್ಗುತ್ತದೆ. ನಮ್ಮಂಥ ಭಾರದವರ ಹಿಮ್ಮಡಿಗೆ ಅದು ಬೇಗ ಕುಸಿಯುತ್ತದೆ, ಅಂಥದ್ದನ್ನು ಅಗ್ಗಕ್ಕೆ ಕೊಟ್ಟರೂ ತಗೊಳ್ಳಬೇಡಿ.

ಮಾಸ್ಟ್ ಬುಡದ ರಬ್ಬರ್ ಕೀಲನ್ನೂ ಬಗ್ಗಿಸಿ ನೋಡಿ. ಬಿರುಕು ಕಂಡರೆ ಬದಲಿಸದೆ ನೀರಿಗೆ ಇಳಿಯಬೇಡಿ. ಬೆಳಗ್ಗೆ ಮೂಡುಗಾಳಿ ದಡದಿಂದ ಕಡಲಿನತ್ತ ಬೀಸುವ ಹೊತ್ತಿನಲ್ಲಿ ಅದು ತುಂಡಾದರೆ ಮಲ್ಪೆಯೋ ಪಣಂಬೂರೋ, ದಡ ದೂರವಾಗುತ್ತಲೇ ಹೋಗುತ್ತದೆ.

ದುಡ್ಡು ಕೊಡುವ ಮೊದಲು ಸೊಂಟದಷ್ಟು ನೀರಲ್ಲಿ, ಹಾಯಿ ಇಲ್ಲದೆ, ಎರಡೂ ಪಾದ ಮಾಸ್ಟ್ ಬುಡದ ಆಚೀಚೆ ಇಟ್ಟು ನಿಲ್ಲಿ. ಡೆಕ್ಕಿನ ಅಂಚು ಆಗಲೇ ಮುಳುಗಿದರೆ ಆ ಬೋರ್ಡ್ ನಿಮಗಲ್ಲ. ಮಳೆಗಾಲ ಕಳೆದ ಹೊಸತರಲ್ಲಿ ಅಳಿವೆಯ ನೀರಲ್ಲಿ ಉಪ್ಪು ಕಡಿಮೆ ಇರುತ್ತದೆ. ಪೂರ್ತಿ ಸಿಹಿ ನೀರಾದರೆ 115 ಲೀಟರ್ ಹೊರುವುದು ಬರೀ 115 ಕೆ.ಜಿ.