ಬಂಗು ಮತ್ತು ಸಣ್ಣ ಗೆರೆಗಳಿಗೆ ಟ್ರೆಟಿನಾಯಿನ್ 0.025: ಕೆಲವು ವರ್ಷ ಬಳಸಿದ ಮೇಲೆ

ಶೇ. 0.025ರ ಟ್ರೆಟಿನಾಯಿನ್ ಕ್ರೀಮನ್ನು ನಾನು ಕೆಲವು ವರ್ಷಗಳಿಂದ ಹಚ್ಚುತ್ತಿದ್ದೇನೆ. ಕೆನ್ನೆಯ ಮೇಲೆ ಬಂಗು, ಗದ್ದದ ಸುತ್ತ ಹಳೇ ಮೊಡವೆ ಕಲೆ, ಕಣ್ಣಿನ ಬದಿಯಲ್ಲಿ ಸಣ್ಣ ಗೆರೆಗಳು. ಈ ಮೂರಕ್ಕೂ ಸೇರಿಸಿ ಚರ್ಮದ ಡಾಕ್ಟರ್ ಬರೆದುಕೊಟ್ಟದ್ದು ಇದು. ನನ್ನದು ಕಪ್ಪು ಮೈಬಣ್ಣ. ಒಂದು ಮೊಡವೆ ಒಡೆದರೂ ತಿಂಗಳುಗಟ್ಟಲೆ ಕಲೆ ಉಳಿಸಿಕೊಳ್ಳುವ ಚರ್ಮ. ಓದುವಾಗ ಅದು ನೆನಪಿರಲಿ, ಏಕೆಂದರೆ ನನ್ನ ಅಭಿಪ್ರಾಯವೆಲ್ಲ ಅದರ ಸುತ್ತಲೇ ಇದೆ.

ಕ್ರೀಮ್ ಕೆಲಸ ಮಾಡುತ್ತದೆ. ಕಲೆಗಳ ಮೇಲೆ ಚೆನ್ನಾಗಿಯೇ, ಸಣ್ಣ ಗೆರೆಗಳ ಮೇಲೆ ತಕ್ಕಮಟ್ಟಿಗೆ. ಮೂಗಿನಿಂದ ಬಾಯಿಯ ತುದಿಗೆ ಇಳಿಯುವ ಆಳದ ಮಡಿಕೆಯ ಮೇಲೆ ಏನೂ ಆಗಿಲ್ಲ, ಆಗುವ ನಿರೀಕ್ಷೆಯೂ ಬೇಡ. ಆದರೆ ಕಡಿಮೆ ಶಕ್ತಿಯದ್ದನ್ನು ನಿಧಾನವಾಗಿ ಬಳಸಿದರೆ ಮಾತ್ರ ಈ ಮಾತು ನಿಜ. ಕಲೆ ಬೀಳುವ ಚರ್ಮದಲ್ಲಿ ಉರಿಯೇ ಹೊಸ ಕಲೆಗೆ ದಾರಿ. ಕಲೆ ಹೋಗಲಿ ಅಂತ ಹಚ್ಚಿದ್ದು ಕಲೆ ತಂದರೆ ಏನು ಬಂತು?

ವಿಟಮಿನ್ ಎ ಬಳಗದಲ್ಲಿ ಹೆಸರುಗಳು ಜಾಸ್ತಿ, ಗೊಂದಲವೂ ಜಾಸ್ತಿ. ರೆಟಿನೈಲ್ ಪಾಲ್ಮಿಟೇಟ್, ರೆಟಿನಾಲ್, ರೆಟಿನಾಲ್ಡಿಹೈಡ್, ಟ್ರೆಟಿನಾಯಿನ್. ಇವೆಲ್ಲ ಒಂದೇ ಸಾಲಿನಲ್ಲಿ ನಿಂತಿವೆ. ಚರ್ಮದ ಜೀವಕೋಶದೊಳಗೆ ಕೆಲಸ ಮಾಡುವುದು ಕೊನೆಯಲ್ಲಿರುವ ರೆಟಿನಾಯಿಕ್ ಆಮ್ಲ. ಟ್ರೆಟಿನಾಯಿನ್ ಅಂದರೆ ಅದೇ. ಉಳಿದವು ಚರ್ಮದೊಳಗೆ ಒಂದೊಂದೇ ಹಂತ ದಾಟಿ ಅದಾಗಿ ಬದಲಾಗಬೇಕು, ಪ್ರತಿ ಹಂತದಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಪಾಲ್ಮಿಟೇಟ್‌ಗೆ ದಾರಿ ಉದ್ದ, ರೆಟಿನಾಲ್‌ಗೆ ಎರಡು ಹೆಜ್ಜೆ, ರೆಟಿನಾಲ್ಡಿಹೈಡ್‌ಗೆ ಒಂದೇ. ಹಾಗಾಗಿ ಶೇ. 0.025 ಟ್ರೆಟಿನಾಯಿನ್ ಚಿಕ್ಕ ಅಂಕಿ, ಶೇ. 0.3 ರೆಟಿನಾಲ್ ದೊಡ್ಡ ಅಂಕಿ ಅಂತ ಹೋಲಿಸಲೇಬಾರದು. ಅಡಾಪಲೀನ್, ಟಜಾರೊಟೀನ್ ಕೃತಕವಾಗಿ ತಯಾರಿಸಿದವು. ಅವೂ ಜೀವಕೋಶದಲ್ಲಿ ರೆಟಿನಾಯಿಕ್ ಆಮ್ಲ ಹೋಗಿ ಕೂರುವ ಅದೇ ರಿಸೆಪ್ಟರ್‌ಗಳ ಮೇಲೆ ಕೆಲಸ ಮಾಡುತ್ತವೆ.

ಟ್ರೆಟಿನಾಯಿನ್‌ಗೆ ಬರುವ ಮೊದಲು ನಾನು ಒಂದು ರೆಟಿನಾಲ್ ಸೀರಮ್ ಬಳಸುತ್ತಿದ್ದೆ. ಅದರ ಮೇಲೆ ನನಗೆ ಎರಡು ದೂರು. ಬಾಟಲಿಯ ಮೇಲೆ ರೆಟಿನಾಲ್ ಅಂತ ದಪ್ಪಕ್ಷರದಲ್ಲಿ ಇತ್ತು, ಎಷ್ಟಿದೆ ಅಂತ ಎಲ್ಲೂ ಇರಲಿಲ್ಲ. ಇನ್ನೊಂದು, ಡ್ರಾಪರ್ ಇರುವ ಬಾಟಲಿ. ಪ್ರತಿ ಸಲ ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗುತ್ತದೆ. ಗಾಳಿ, ಬೆಳಕು, ಬಿಸಿ ಮೂರೂ ರೆಟಿನಾಲ್‌ಗೆ ಆಗಿಬರುವುದಿಲ್ಲ. ಮೊದಲು ತಿಳಿ ಹಳದಿ ಇದ್ದದ್ದು ಬಾಟಲಿ ಅರ್ಧಕ್ಕೆ ಬರುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿತು. ಹಾಗೆ ತಿರುಗಿದ ಮೇಲೆ ಅದನ್ನು ಹಚ್ಚಿ ಪ್ರಯೋಜನವಿಲ್ಲ. ರೆಟಿನಾಲನ್ನೇ ಕೊಳ್ಳುವವರು ಅಲ್ಯೂಮಿನಿಯಂ ಟ್ಯೂಬ್ ಅಥವಾ ಗಾಳಿ ಒಳಗೆ ಹೋಗದ ಪಂಪ್ ಇರುವುದನ್ನು, ಪ್ರಮಾಣ ಬರೆದಿರುವುದನ್ನು ನೋಡಿ ತಗೊಳ್ಳಿ. ಯುರೋಪಿಯನ್ ಒಕ್ಕೂಟವಂತೂ 2024ರ ನಿಯಮದಲ್ಲಿ ಮುಖದ ಕ್ರೀಮ್‌ಗಳಿಗೆ ಶೇ. 0.3, ಮೈಗೆ ಹಚ್ಚುವ ಲೋಷನ್‌ಗಳಿಗೆ ಶೇ. 0.05 ಅಂತ ರೆಟಿನಾಲ್ ಲೆಕ್ಕದಲ್ಲಿ ಮಿತಿ ಹಾಕಿದೆ. ಶೇ. 1 ಅಂತ ಹೆಮ್ಮೆಯಿಂದ ಮಾರುವ ಸೀರಮ್‌ಗಳನ್ನು ನೋಡಿದಾಗ ಈ ಅಂಕಿ ನೆನಪಿಗೆ ಬರಲಿ.

ಟ್ರೆಟಿನಾಯಿನ್ ಮೊದಲು ಬಂದದ್ದು ಮೊಡವೆಗೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ಅದನ್ನು ಬಳಸಿದವರ ಮುಖ ನುಣುಪಾಗುತ್ತಿರುವುದು, ಗೆರೆಗಳು ತೆಳುವಾಗುತ್ತಿರುವುದು ಆಮೇಲೆ ಗಮನಕ್ಕೆ ಬಂತು. ಬಿಸಿಲಿಗೆ ಮುಪ್ಪಾದ ಚರ್ಮದ ಮೇಲೆ ಅದು ಏನು ಮಾಡುತ್ತದೆ ಅಂತ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಅವರ ತಂಡ 1986ರಲ್ಲಿ ಪ್ರಕಟಿಸಿತು. 1995ರಲ್ಲಿ ಆ ಉಪಯೋಗಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಬಂತು. ಇದೇ ಕ್ಲಿಗ್ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಕ್ಲಿಗ್ಮನ್ ಕೆಲಸ ಮಾಡುತ್ತಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಅದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ. ಕ್ರೀಮಿನ ಗುಣ ಹೇಳುವವರು ಇದನ್ನೂ ಹೇಳಬೇಕು ಅನ್ನುವುದು ನನ್ನ ಅನಿಸಿಕೆ. ಆ ಜನರ ನೋವಿಗೆ ನಾವು ಋಣಿಗಳು.

ಕಲೆ ಹೇಗೆ ಹೋಗುತ್ತದೆ? ಚರ್ಮದ ಮೇಲ್ಪದರ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತಾ ಇರುತ್ತದೆ. ವಯಸ್ಸಾದಂತೆ ಅದು ನಿಧಾನ. ಟ್ರೆಟಿನಾಯಿನ್ ಆ ಓಟವನ್ನು ಚುರುಕುಗೊಳಿಸುತ್ತದೆ, ಆಗ ಬಣ್ಣ ತುಂಬಿಕೊಂಡ ಕೋಶಗಳು ಬೇಗ ಉದುರುತ್ತವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಣಗಳು ಒಂದೇ ಕಡೆ ಗುಡ್ಡೆ ಬಿದ್ದಿದ್ದರೆ ಚದುರುತ್ತವೆ. ಹೊಸ ಬಣ್ಣ ತಯಾರಾಗುವುದೂ ಒಂದಿಷ್ಟು ಕಡಿಮೆಯಾಗುತ್ತದೆ. ಗೆರೆಗಳ ವಿಷಯ ಚರ್ಮದ ಇನ್ನೂ ಕೆಳಗಿನ ಪದರದ್ದು. ಬಿಸಿಲು ಬಿದ್ದಾಗ, ಚರ್ಮವನ್ನು ಬಿಗಿಯಾಗಿಡುವ ಕೊಲ್ಯಾಜನ್ ಎಂಬ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಏಳುತ್ತವೆ. ಟ್ರೆಟಿನಾಯಿನ್ ಅವನ್ನು ತಡೆಯುತ್ತದೆ, ಹೊಸ ಕೊಲ್ಯಾಜನ್ ಕಟ್ಟುವುದಕ್ಕೂ ಒತ್ತು ಕೊಡುತ್ತದೆ. ಈ ಕೆಲಸ ತಿಂಗಳುಗಳದ್ದು, ವಾರಗಳದ್ದಲ್ಲ.

ಹಚ್ಚುವ ರೀತಿಯ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಎಲ್ಲಾ ನಿಂತಿರುವುದು ಅಲ್ಲೇ.

ರಾತ್ರಿ ಮಾತ್ರ. ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ. ನೊರೆ ಕಡಿಮೆ ಇರುವ ಫೇಸ್‌ವಾಷ್‌ನಿಂದ ಮುಖ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗುವವರೆಗೆ ಕಾಯುತ್ತೇನೆ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಆಮೇಲೆ ಮೂಗಿನ ಎರಡೂ ಪಕ್ಕದ ಸಂದು, ತುಟಿಯ ಮೂಲೆ, ಕಣ್ಣಿನ ಮೂಲೆ, ಈ ಜಾಗಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರುತ್ತೇನೆ. ಕ್ರೀಮ್ ಹರಿದು ಹೋಗಿ ಸೇರಿಕೊಳ್ಳುವುದು ಅಲ್ಲೇ, ಮೊದಲು ಬಿರಿಯುವುದೂ ಅಲ್ಲೇ. ಅದರ ಮೇಲೆ ತೆಳುವಾಗಿ ಮಾಯಿಶ್ಚರೈಸರ್. ಅದು ಒಳಗೆ ಹೋದ ಮೇಲೆ ಟ್ರೆಟಿನಾಯಿನ್, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು. ಅದನ್ನು ಒಂದೇ ಕಡೆ ಒತ್ತಿ ಉಜ್ಜುವುದಿಲ್ಲ. ಹಣೆಗೊಂದು, ಎರಡು ಕೆನ್ನೆಗೊಂದೊಂದು, ಗದ್ದಕ್ಕೊಂದು ಚುಕ್ಕೆ ಇಟ್ಟು ಹೊರಗಡೆಗೆ ಸವರುತ್ತೇನೆ. ಮೇಲೆ ಇನ್ನೊಂದು ಸಲ ಮಾಯಿಶ್ಚರೈಸರ್. ಕಲೆ ಇರುವ ಜಾಗಕ್ಕೆ ಮಾತ್ರ ದಪ್ಪಗೆ ಹಚ್ಚೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ದಯವಿಟ್ಟು ಬೇಡ. ಆ ಜಾಗ ಮಾತ್ರ ಸುಟ್ಟ ಹಾಗಾಗಿ ಸುತ್ತ ಕಪ್ಪು ಅಂಚು ಕಟ್ಟುವ ಅಪಾಯ ಇದೆ.

ಆರಂಭದಲ್ಲಿ ವಾರಕ್ಕೆ ಎರಡೇ ರಾತ್ರಿ ಅಂತ ಡಾಕ್ಟರ್ ಹೇಳಿದ್ದರು. ಚರ್ಮ ಸುಮ್ಮನಿದ್ದರೆ ಮೂರು, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ನಾನು ದಿನಾ ಹಚ್ಚುವ ಮಟ್ಟಕ್ಕೆ ಹೋಗಲೇ ಇಲ್ಲ. ಹೋಗಬೇಕು ಅನ್ನಿಸಲೂ ಇಲ್ಲ.

ಮೊದಲ ವಾರಗಳು ಚೆಂದವಿರುವುದಿಲ್ಲ. ಹಚ್ಚಿದ ತಕ್ಷಣ ಏನೂ ಗೊತ್ತಾಗುವುದಿಲ್ಲ, ಮೂರನೇ ದಿನಕ್ಕೆ ಬಾಯಿಯ ಸುತ್ತ ಬಿಗಿದ ಹಾಗೆ ಆಗುತ್ತದೆ. ನಕ್ಕರೆ ಗದ್ದದ ಮೇಲೆ ಬಿಳಿ ಪುಡಿಯಂತೆ ಸಿಪ್ಪೆ ಏಳುವುದು ಕಾಣುತ್ತದೆ. ಪೌಡರ್ ಹಾಕಿದರೆ ಆ ಸಿಪ್ಪೆಯ ಅಂಚಿಗೇ ಹೋಗಿ ಕೂರುತ್ತದೆ. ದಿನಾ ಹಚ್ಚುವ ಮಾಯಿಶ್ಚರೈಸರೇ ಚುರುಗುಟ್ಟುತ್ತದೆ. ಆಗ ಸಿಪ್ಪೆಯನ್ನು ಕೀಳಬಾರದು, ಸ್ಕ್ರಬ್ ಹಾಕಿ ತಿಕ್ಕಬಾರದು. ಮೊಡವೆ ಇರುವವರಿಗೆ ಒಳಗಿದ್ದ ಗುಳ್ಳೆಗಳು ಒಮ್ಮೆಗೇ ಮೇಲೆ ಬರುವುದೂ ಉಂಟು. ಇಷ್ಟು ಸಹಜ. ಆದರೆ ಮುಖ ಕೆಂಪಗೆ ಊದಿ, ನೀರು ಸೋಕಿದರೂ ಉರಿಯುತ್ತಿದ್ದರೆ ಅದು ಔಷಧ ಕೆಲಸ ಮಾಡುತ್ತಿರುವ ಗುರುತಲ್ಲ. ಹಚ್ಚುವುದನ್ನು ಅಲ್ಲಿಗೇ ನಿಲ್ಲಿಸಿ, ಬರೀ ಮಾಯಿಶ್ಚರೈಸರ್ ಹಚ್ಚಿ, ಡಾಕ್ಟರಿಗೆ ತೋರಿಸಬೇಕು. ಸಿಪ್ಪೆ ಜಾಸ್ತಿ ಎದ್ದಷ್ಟೂ ಫಲ ಜಾಸ್ತಿ ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಅದು ಶುದ್ಧ ಸುಳ್ಳು, ಕಲೆ ಬೀಳುವ ಚರ್ಮದವರಿಗೆ ಅಪಾಯದ ಸುಳ್ಳು.

ಇದಕ್ಕೆ ಪುರಾವೆಯೂ ಇದೆ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 0.025 ಮತ್ತು ಶೇ. 0.1 ಟ್ರೆಟಿನಾಯಿನ್ ಎರಡನ್ನೂ 48 ವಾರ ಹೋಲಿಸಿ ನೋಡಿದರು. ಬಿಸಿಲಿನಿಂದ ಕೆಟ್ಟ ಚರ್ಮ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿತು. ಕಿರಿಕಿರಿ ಮಾತ್ರ 0.1ರಲ್ಲಿ ತುಂಬಾ ಜಾಸ್ತಿ. ಇಷ್ಟು ತಿಳಿದ ಮೇಲೆ ನಾನು ನಾಲ್ಕು ಪಟ್ಟು ಗಟ್ಟಿಯದನ್ನು ಯಾಕೆ ಹಚ್ಚಲಿ? ಕಪ್ಪು ಚರ್ಮದವರ ಕಲೆಗಳ ಮೇಲೆ 1993ರಲ್ಲಿ, ಬಂಗಿನ ಮೇಲೆ ಅದರ ಆಸುಪಾಸಿನಲ್ಲೇ ಪ್ರಕಟವಾದ ಅಧ್ಯಯನಗಳು 40 ವಾರಗಳವು. ಅಂದರೆ ಸುಮಾರು ಒಂಬತ್ತು ತಿಂಗಳು. ಆರು ವಾರಕ್ಕೆ ಬೇಸತ್ತು ಟ್ಯೂಬ್ ಎಸೆಯುವವರಿಗೆ ನಾನು ಹೇಳುವುದು ಇದನ್ನೇ.

ನನ್ನಲ್ಲಿ ಮೊದಲು ಬದಲಾದದ್ದು ಬಣ್ಣ ಅಲ್ಲ, ನುಣುಪು. ಹಣೆಯ ಮೇಲೆ ಕೈಗೆ ಸಿಗುತ್ತಿದ್ದ ಸಣ್ಣ ಸಣ್ಣ ಗಂಟುಗಳು ಹೋದವು. ಆಮೇಲೆ ಗದ್ದದ ಮೊಡವೆ ಕಲೆಗಳು. ಕಡುಕಂದು ಇದ್ದದ್ದು ತಿಳಿಕಂದಾಗಿ, ಅಂಚು ಮಸುಕಾಗಿ, ಹುಡುಕಿದರೆ ಮಾತ್ರ ಸಿಗುವಂತಾದವು. ಬಂಗು ಎಲ್ಲಕ್ಕಿಂತ ಹಠಮಾರಿ. ತಿಳಿಯಾಗಿದೆ, ಹೋಗಿಲ್ಲ. ಕಣ್ಣಿನ ಬದಿಯ ಗೆರೆಗಳು ಮುಖ ಸುಮ್ಮನಿದ್ದಾಗ ಕಾಣುವುದಿಲ್ಲ, ನಕ್ಕಾಗ ಇವೆ. ದಿನಾ ಕನ್ನಡಿ ನೋಡುವವರಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಒಂದೇ ಕಿಟಕಿಯ ಪಕ್ಕ, ಒಂದೇ ಹೊತ್ತಿನ ಬೆಳಕಿನಲ್ಲಿ ಫೋಟೋ ತೆಗೆದಿಡಿ.

ಸನ್‌ಸ್ಕ್ರೀನ್ ಹಾಕದವರು ಟ್ರೆಟಿನಾಯಿನ್ ಹಚ್ಚುವುದೇ ಬೇಡ. ಇದನ್ನು ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಆಗುವುದಿಲ್ಲ. ಔಷಧ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಕಂದುತ್ತದೆ, ರಾತ್ರಿ ತೆಗೆದ ಬಣ್ಣವನ್ನು ಹಗಲು ವಾಪಸ್ ತುಂಬುತ್ತದೆ. ಬಂಗು ಇರುವವರಿಗೆ ಇನ್ನೊಂದು ಮಾತು. ಬಂಗನ್ನು ಕೆಣಕುವುದು ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಮೈಬಣ್ಣದ ಟಿಂಟ್ ಸೇರಿದ ಸನ್‌ಸ್ಕ್ರೀನ್ ತಡೆಯುತ್ತದೆ. ಅದಕ್ಕೆ ಬದಲಾಯಿಸಿದ ಮೇಲೆ ನನ್ನ ಕೆನ್ನೆಯಲ್ಲಿ ಕಂಡ ವ್ಯತ್ಯಾಸ ಸಣ್ಣದಲ್ಲ.

ಬಂಗಿಗೆ ಅಂತ ಮೂರು ಔಷಧ ಸೇರಿಸಿದ ಕ್ರೀಮ್ ಕೂಡ ಇದೆ. ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೆರಾಯ್ಡ್. ಬೇಗ ಬಿಳಿಚುತ್ತದೆ, ಹಾಗಾಗಿ ಜನ ಬಿಡುವುದಿಲ್ಲ. ಆದರೆ ಅದು ಡಾಕ್ಟರ್ ಕಣ್ಣಳತೆಯಲ್ಲಿ ಕೆಲವೇ ವಾರ ಹಚ್ಚಬೇಕಾದದ್ದು. ತಿಂಗಳುಗಟ್ಟಲೆ ಹಚ್ಚಿದರೆ ಸ್ಟೆರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಸಣ್ಣ ಕೆಂಪು ರಕ್ತನಾಳಗಳು ಮೇಲೆ ಕಾಣತೊಡಗುತ್ತವೆ, ನಿಲ್ಲಿಸಿದರೆ ಮುಖ ಉರಿಯುತ್ತದೆ. ಒಬ್ಬರ ಟ್ಯೂಬನ್ನು ಇನ್ನೊಬ್ಬರು ಹಚ್ಚುವ ಅಭ್ಯಾಸ ಇದ್ದರೆ ಬಿಡಿ. ಟ್ಯೂಬಿನ ಹಿಂದೆ ಏನೇನಿದೆ ಅಂತ ಓದಿ.

ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಈ ಬಳಗದ ಯಾವುದನ್ನೂ ಹಚ್ಚಬಾರದು, ಅಂಗಡಿಯಲ್ಲಿ ಸುಲಭವಾಗಿ ಸಿಗುವ ರೆಟಿನಾಲ್ ಕೂಡ. ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸುವವರು ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಚರ್ಮವೇ ಕಿತ್ತು ಬರುತ್ತದೆ. ಮೊಡವೆಯ ಬೆಂಜಾಯಿಲ್ ಪೆರಾಕ್ಸೈಡನ್ನು ಟ್ರೆಟಿನಾಯಿನ್ ಜೊತೆ ಒಟ್ಟಿಗೆ ಹಚ್ಚಿದರೆ ಹಳೇ ತರಹದ ಕ್ರೀಮ್‌ಗಳಲ್ಲಿ ಟ್ರೆಟಿನಾಯಿನ್ ಕೆಡುತ್ತದೆ. ಎರಡೂ ಬೇಕಿದ್ದರೆ ಒಂದು ಬೆಳಗ್ಗೆ, ಒಂದು ರಾತ್ರಿ. ಅಡಾಪಲೀನ್‌ಗೆ ಈ ತೊಂದರೆ ಇಲ್ಲ.

ಕ್ರೀಮಿನ ಬಗ್ಗೆ ದೂರು ಹೇಳಬೇಕೆಂದರೆ, ಟ್ಯೂಬಿನ ಬಾಯಿ ದೊಡ್ಡದು. ಸ್ವಲ್ಪ ಒತ್ತಿದರೂ ಬೇಕಾದ್ದಕ್ಕಿಂತ ಎರಡರಷ್ಟು ಹೊರಗೆ ಬರುತ್ತದೆ. ಈ ಔಷಧದಲ್ಲಿ ಅದು ಸಣ್ಣ ವಿಷಯ ಅಲ್ಲ. ಕೈಗೆ ಜಿಡ್ಡು, ಆದರೆ ಒಣ ಚರ್ಮಕ್ಕೆ ಜೆಲ್‌ಗಿಂತ ಕ್ರೀಮೇ ಒಳ್ಳೆಯದು. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಬಂಗಿಗೆ.

ಈಗ ವಾರಕ್ಕೆ ಮೂರು ರಾತ್ರಿಗೆ ಇಳಿಸಿದ್ದೇನೆ. ಪೂರ್ತಿ ಬಿಟ್ಟರೆ ಬಂದ ಫಲ ನಿಧಾನವಾಗಿ ಹಿಂದೆ ಸರಿಯುತ್ತದೆ, ಬಿಸಿಲು ತನ್ನ ಕೆಲಸ ಮಾಡುತ್ತಲೇ ಇರುತ್ತದಲ್ವಾ. ಕಳೆದ ಸಲ ಡಾಕ್ಟರ್ 0.05ಕ್ಕೆ ಏರಿಸೋಣವೇ ಎಂದು ಕೇಳಿದರು. ಹೊಸ ಕಲೆ ಬಂದಿಲ್ಲ, ಉರಿ ಇಲ್ಲ, ಇದೇ ಸಾಕು ಎಂದೆ. ಅದೇ ಟ್ಯೂಬನ್ನು ಮತ್ತೆ ಬರೆದುಕೊಟ್ಟರು.