ಆಡಿಯೊ ಟೈಪಿಂಗ್‌ಗೆ ‘ಗಂಟೆಗೆ 900 ರೂಪಾಯಿ’ ಅಂದರೆ, ಯಾವ ಗಂಟೆ ಅಂತ ಮೊದಲು ಕೇಳಿ

ಮನೆಯಿಂದಲೇ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಕನ್ನಡ ಆಡಿಯೊ ಕೇಳಿ ಟೈಪ್ ಮಾಡುವ ಕೆಲಸ ನಿಜವಾಗಿಯೂ ಇದೆ. ಅದರ ಹೆಸರಲ್ಲಿ ಮೋಸವೂ ನಡೆಯುತ್ತಿದೆ.

ನನಗೆ ಕೆಲಸ ಕೊಟ್ಟ ಕಂಪನಿಯ ಜಾಹೀರಾತಿನಲ್ಲಿ ‘ಗಂಟೆಗೆ 900 ರೂಪಾಯಿ’ ಅಂತಿತ್ತು. ಅದು ನಾವು ಕೂತು ದುಡಿಯುವ ಗಂಟೆ ಅಲ್ಲ, ಆಡಿಯೊ ಓಡುವ ಗಂಟೆ. ಮಾತು ಸ್ಪಷ್ಟವಾಗಿದ್ದರೂ ಒಂದು ಗಂಟೆಯ ಆಡಿಯೊ ಮುಗಿಸಲು ಕೈ ಪಳಗಿದವರಿಗೇ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ನನಗೆ ಬಂದದ್ದು ಅಡಿಕೆ ಬೆಳೆಗಾರರ ಸಭೆಯ ರೆಕಾರ್ಡಿಂಗ್. ಫ್ಯಾನ್ ಸದ್ದು, ಇಬ್ಬರು ಮೂವರು ಒಟ್ಟೊಟ್ಟಿಗೆ ಮಾತು. ಪ್ರತಿ ಸಾಲಿಗೂ ಟೈಮ್‌ಸ್ಟ್ಯಾಂಪ್, ಅಂದರೆ ಆ ಮಾತು ಆಡಿಯೊದಲ್ಲಿ ಬರುವ ಸಮಯ ಹಾಕಬೇಕು, ಯಾರು ಮಾತಾಡಿದ್ದು ಅಂತಲೂ ಗುರುತಿಸಬೇಕು. ಇಂಥ ಫೈಲಿಗೆ ಎಂಟು ಗಂಟೆ ಹೋದರೆ ಗಂಟೆಗೆ ಬೀಳುವುದು 112 ರೂಪಾಯಿ ಚಿಲ್ಲರೆ.

ಅದೂ ಬರಲಿಲ್ಲ. ಅವರು ಕಳಿಸಿದ ಪಿಡಿಎಫ್‌ನಲ್ಲಿ ‘ಹೂಂ, ಆಂ ಇವನ್ನೆಲ್ಲ ಬಿಟ್ಟು ಬರೆಯಿರಿ’ ಅಂತ ಸ್ಪಷ್ಟವಾಗಿತ್ತು. ಹಾಗೇ ಬರೆದು ಕೊಟ್ಟೆ. ‘ಹೂಂ, ಆಂ ಬಿಟ್ಟುಹೋಗಿವೆ, ನಿಖರತೆ ಶೇ. 98ಕ್ಕಿಂತ ಕಡಿಮೆ’ ಅಂತ ಇಡೀ ಫೈಲನ್ನೇ ರಿಜೆಕ್ಟ್ ಮಾಡಿದರು. ಯಾವ ಸಾಲಲ್ಲಿ ತಪ್ಪಿದೆ ಅಂತ ಕೇಳಿದರೆ ಉತ್ತರ ಇಲ್ಲ. ನಾನು ಟೈಪ್ ಮಾಡಿದ್ದು ಮಾತ್ರ ಅವರ ಹತ್ತಿರವೇ ಉಳಿಯಿತು. ಕಷ್ಟಪಟ್ಟು ದುಡಿದವರಿಗೆ ಹೀಗೆ ಮಾಡುವುದು ಅನ್ಯಾಯ ಅಲ್ವಾ?

ಅಷ್ಟಕ್ಕೇ ಬಿಡಲಿಲ್ಲ. ‘ವಕೀಲರ ಆಫೀಸಿಂದ’ ಅಂತ ಒಬ್ಬರು ವಾಟ್ಸಾಪ್‌ನಲ್ಲಿ ಕರೆ ಮಾಡಿದರು. ಒಪ್ಪಂದ ಮುರಿದಿದ್ದೀರಿ, 5,800 ರೂಪಾಯಿ ದಂಡ ಕಟ್ಟಿ, ಇಲ್ಲಾಂದ್ರೆ ಸಂಜೆಯೊಳಗೆ ಅರೆಸ್ಟ್ ವಾರಂಟ್ ಬರುತ್ತದೆ ಅಂದರು. ಹಿಂದೆಯೇ ಸೀಲು, ಸಹಿ ಇರುವ ನೋಟಿಸಿನ ಫೋಟೊ ಬಂತು. ಪಕ್ಕದಲ್ಲೇ ಇದ್ದ ಅಮ್ಮ ಹೆದರಿ, ‘ಕಟ್ಟಿಬಿಡು, ಯಾಕೆ ಸುಮ್ನೆ ತಾಪತ್ರಯ’ ಅಂದರು. ನಾನು ಕಟ್ಟಲಿಲ್ಲ. ಕೆಲಸದ ಒಪ್ಪಂದದ ತಕರಾರು ಸಿವಿಲ್ ವ್ಯಾಜ್ಯ. ನಿಖರತೆ ಕಡಿಮೆಯಾಯಿತು ಅಂತ ಪೊಲೀಸರು ಬಂದು ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ. ಫಾರ್ಮ್ ತುಂಬುವ, ಡೇಟಾ ಎಂಟ್ರಿ ಕೆಲಸಗಳಲ್ಲೂ ಇದೇ ಆಟ ನಡೆಯುತ್ತದೆ. ಅವರಿಗೆ ಬೇಕಿರುವುದು ನಮ್ಮ ಟೈಪಿಂಗ್ ಅಲ್ಲ, ಆ ದಂಡದ ದುಡ್ಡು.

ಹಾಗಾಗಿ ಸಹಿ ಹಾಕುವ ಮೊದಲು ಒಪ್ಪಂದದಲ್ಲಿ ‘ದಂಡ’ ಅನ್ನುವ ಮಾತು ಇದೆಯಾ ನೋಡಿ. ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಆಡಿಯೊದ ಒಂದು ನಿಮಿಷಕ್ಕೆ ಎಷ್ಟು, ತಿದ್ದಿ ಕೊಡಲು ಅವಕಾಶ ಇದೆಯಾ, ದುಡ್ಡು ಯಾವ ದಿನ ಬರುತ್ತದೆ, ಇದನ್ನೆಲ್ಲ ಇಮೇಲ್‌ನಲ್ಲಿ ಕೇಳಿ. ಸ್ಯಾಂಪಲ್ ಆಡಿಯೊದ ಹತ್ತು ನಿಮಿಷ ಟೈಪ್ ಮಾಡಿ, ನಿಮಗೆ ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕಿ. ರಿಜಿಸ್ಟ್ರೇಷನ್ ಫೀ, ಡೆಪಾಸಿಟ್ ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ‘ಟಿಡಿಎಸ್ ಮೊದಲು ಕಟ್ಟಿ, ಆಮೇಲೆ ಪೇಮೆಂಟ್’ ಅಂದರೂ ಅಷ್ಟೇ. ಟಿಡಿಎಸ್ ಅನ್ನುವ ಆದಾಯ ತೆರಿಗೆಯನ್ನು ನಮಗೆ ಬರುವ ಹಣದಲ್ಲೇ ಮುರಿದುಕೊಳ್ಳುತ್ತಾರೆ, ನಮ್ಮ ಕೈಯಿಂದ ಮುಂಗಡ ಕೇಳುವುದಿಲ್ಲ.

ಈಗಾಗಲೇ ಇಂಥ ನೋಟಿಸ್ ಬಂದಿದ್ದರೆ ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್, ಫೋನ್ ನಂಬರ್, ಯುಪಿಐ ಐಡಿ ಎಲ್ಲ ಇಟ್ಟುಕೊಂಡು ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಆ ಹಣ ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.