ದರೋಜಿ ಕರಡಿ ಪೈ: ಹಾಲಿನ ಕ್ರೀಮೋ, ವಿಪ್ ಟಾಪಿಂಗೋ?

ಮಕ್ಕಳ ಹುಟ್ಟುಹಬ್ಬಕ್ಕೆ ಕರಡಿ ಪೈ ಮಾಡುವುದಾದರೆ ಕಂದು ಟೆಡ್ಡಿ ಯಾಕೆ? ಬಳ್ಳಾರಿ ಕಡೆಯ, 1994ರಿಂದ ಅಭಯಾರಣ್ಯವಾಗಿರುವ ದರೋಜಿಯ ಕರಡಿ ನಮ್ಮ ಪಕ್ಕದಲ್ಲೇ ಇದೆ. ಕಪ್ಪನೆಯ ಒರಟು ಜುಂಗು, ಮಾಸಲು ಬಿಳಿ ಮೂತಿ, ಎದೆಯ ಮೇಲೆ ಬಿಳಿ ‘ವಿ’ ಗುರುತು. ಮೂರೂ ಕ್ರೀಮಿನಲ್ಲೇ ಮೂಡಬೇಕಾದ್ದರಿಂದ ಯಾವ ಕ್ರೀಮ್ ಅನ್ನುವುದೇ ಮುಖ್ಯ ಪ್ರಶ್ನೆ. ನನ್ನ ಮತ ಹಾಲಿನ ವಿಪ್ಪಿಂಗ್ ಕ್ರೀಮಿಗೆ, ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲೂ.

ತಳ ಎರಡಕ್ಕೂ ಒಂದೇ. ಎಂಟು ಇಂಚಿನ ತಟ್ಟೆಗೆ 200 ಗ್ರಾಂ ಮಾರಿ ಬಿಸ್ಕೆಟ್ ಪುಡಿ, 90 ಗ್ರಾಂ ಕರಗಿಸಿದ ಬೆಣ್ಣೆ. ಒತ್ತಿ ಕೂರಿಸಿ 160 ಡಿಗ್ರಿಯಲ್ಲಿ ಹತ್ತು ನಿಮಿಷ. ಒಳಗೆ ಬೆಲ್ಲದ ಕಸ್ಟರ್ಡ್: 400 ಮಿ.ಲೀ. ಹಾಲು, 30 ಗ್ರಾಂ ಕಾರ್ನ್‌ಫ್ಲೋರ್. ಗುಳ್ಳೆ ಬಂದ ಮೇಲೂ ಎರಡು ನಿಮಿಷ ಕುದಿಸಿ, ಇಲ್ಲದಿದ್ದರೆ ಆಮೇಲೆ ನೀರಾಗುತ್ತದೆ. 70 ಗ್ರಾಂ ಬೆಲ್ಲವನ್ನು ಒಲೆ ಆರಿಸಿ, ಕಸ್ಟರ್ಡ್ ಸ್ವಲ್ಪ ಆರಿದ ಮೇಲೆಯೇ ಹಾಕಿ. ಕುದಿವಾಗ ಹಾಕಿದರೆ ಹಾಲು ಒಡೆಯುವ ಭಯ. ಫ್ರಿಜ್ಜಿನಲ್ಲಿ ಕನಿಷ್ಠ ನಾಲ್ಕು ಗಂಟೆ ಇಡಿ. ಕಸ್ಟರ್ಡ್ ಬೆಚ್ಚಗಿದ್ದರೆ ಮೇಲಿನ ಕರಡಿ ಜಾರುತ್ತದೆ, ಅದು ಯಾವ ಕ್ರೀಮಾದರೂ ಸರಿ.

ವಿಪ್ ಟಾಪಿಂಗ್ ಅಂದರೆ ಗಟ್ಟಿಗೊಳಿಸಿದ ಸಸ್ಯ ಕೊಬ್ಬು, ಸಕ್ಕರೆ ಮೊದಲೇ ಸೇರಿರುತ್ತದೆ. ಮೂರು ಪಟ್ಟು ಉಬ್ಬುತ್ತದೆ, ಗೆರೆ ಚೊಕ್ಕವಾಗಿ ನಿಲ್ಲುತ್ತದೆ. ಬೇಕರಿಯವರು ಅದನ್ನೇ ಬಳಸುವುದಕ್ಕೆ ಕಾರಣ ಇದು.

ಅದರ ತೊಡಕು ಅಂಗಡಿಯ ಫ್ರೀಜರಿನಿಂದ ಶುರುವಾಗುತ್ತದೆ. ಅದು ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದ ಮಾಲು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡಿದರೆ, ಇಲ್ಲವೇ ರಾತ್ರಿ ಫ್ರೀಜರ್ ಆರಿಸುವ ಅಂಗಡಿಯಾದರೆ, ಪ್ಯಾಕ್ ಕರಗಿ ಮತ್ತೆ ಗಡ್ಡೆ ಕಟ್ಟುತ್ತದೆ. ಹೀಗಾದಾಗ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ನೀರಿನಿಂದ ಬೇರೆಯಾಗುತ್ತವೆ. ಆಮೇಲೆ ಬೀಟರ್ ಎಷ್ಟು ಹೊತ್ತು ಓಡಿಸಿದರೂ ಮೊಸರು ಒಡೆದಂಥ ತರಿಯೇ ಹೊರತು ನೊರೆ ಏಳುವುದಿಲ್ಲ. ಹೊರಗಿನಿಂದ ಗೊತ್ತಾಗುವುದು ಕಷ್ಟ. ಪ್ಯಾಕಿನ ಆಕಾರ ಸೊಟ್ಟಗಾಗಿ ಗಡ್ಡೆ ಒಂದೇ ಮೂಲೆಗೆ ಕೂತಿದ್ದರೆ ತೆಗೆದುಕೊಳ್ಳಬೇಡಿ.

ಒಳ್ಳೆಯ ಪ್ಯಾಕ್ ಸಿಕ್ಕರೂ ಕೆಲಸ ಮುಗಿಯಲಿಲ್ಲ. ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸಬೇಕು. ಬಿಸಿನೀರಿನಲ್ಲಿಟ್ಟು ಕರಗಿಸಿದರೆ ಅಂಚು ಬಿಸಿಯಾಗಿ ನಡು ಮಂಜಾಗಿಯೇ ಉಳಿಯುತ್ತದೆ. ಕಡೆಯಲು 7–10 ಡಿಗ್ರಿ ಸರಿ. ಜೊತೆಗೆ ಸಿಗುವುದು ಸಾಮಾನ್ಯವಾಗಿ ಒಂದು ಲೀಟರಿನ ಪ್ಯಾಕ್. ಒಂದು ಪೈಗೆ ಕಾಲು ಲೀಟರ್ ಸಾಕು. ಮಿಕ್ಕದ್ದನ್ನು ಮತ್ತೆ ಫ್ರೀಜ್ ಮಾಡಿದರೆ ಅಂಗಡಿಯಲ್ಲಿ ಆದದ್ದೇ ಮನೆಯಲ್ಲೂ ಆಗುತ್ತದೆ. ತಿಂಗಳಿಗೊಂದು ಕೇಕ್ ಮಾಡುವ ಮನೆಗೆ ಇದು ದಂಡ. ತಿಂದ ಮೇಲೆ ಅಂಗುಳಕ್ಕೆ ಅಂಟುವ ಜಿಡ್ಡು ಬೇರೆ.

ಹಾಲಿನ ವಿಪ್ಪಿಂಗ್ ಕ್ರೀಮ್ 250 ಮಿ.ಲೀ. ಪ್ಯಾಕಿನಲ್ಲಿ ಸಿಗುತ್ತದೆ. ಕೊಬ್ಬು ಶೇ. 30ಕ್ಕೆ ಕಡಿಮೆ ಇರಬಾರದು. ಗ್ರೇವಿಗೆ ಹಾಕುವ ಶೇ. 25ರ ಫ್ರೆಶ್ ಕ್ರೀಮ್ ನಿಲ್ಲುವಂತೆ ಉಬ್ಬುವುದಿಲ್ಲ. ವಿಪ್ಪಿಂಗ್ ಕ್ರೀಮಿನ ದೌರ್ಬಲ್ಯ ಸೆಕೆ. ಅದಕ್ಕೆ ಮದ್ದು ಕಾರ್ನ್‌ಫ್ಲೋರ್: 60 ಮಿ.ಲೀ. ಕ್ರೀಮಿಗೆ ಒಂದು ಚಮಚ ಸಕ್ಕರೆ ಪುಡಿ, ಒಂದು ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ ಗಟ್ಟಿಯಾಗುವ ತನಕ ಕಾಯಿಸಿ, ಜರಡಿ ಹಿಡಿದು, ಪೂರ್ತಿ ಆರಿಸಿ. ಉಳಿದ ಕ್ರೀಮನ್ನು ಮಂಜುಗಡ್ಡೆಯ ಮೇಲಿಟ್ಟ ಸ್ಟೀಲ್ ಪಾತ್ರೆಯಲ್ಲಿ ಮೆದುವಾಗಿ ಕಡೆದು, ಇದನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಜೆಲಟಿನ್ ಬೇಕಿಲ್ಲ, ಸಸ್ಯಾಹಾರಿ ಮನೆಗೂ ಸರಿ.

ಮೂತಿ ಮತ್ತು ‘ವಿ’ಗೆ ಕಾಲು ಭಾಗ ಬಿಳಿಯಾಗಿಯೇ ತೆಗೆದಿಡಿ. ಮಿಕ್ಕದ್ದಕ್ಕೆ 15 ಗ್ರಾಂ ಕೋಕೋ, ಅದರಲ್ಲಿ ಮೂರನೇ ಒಂದು ಭಾಗ ಕಪ್ಪು ಕೋಕೋ. ಕೋಕೋ ಬಿದ್ದ ಕ್ರೀಮ್ ಬೇಗ ಬಿಗಿಯಾಗುತ್ತದೆ, ಹಾಗಾಗಿ ಒಂದು ಹಂತ ಮೊದಲೇ ಬೀಟರ್ ನಿಲ್ಲಿಸಿ. ಜುಂಗಿಗೆ ಹುಲ್ಲು ಬಿಡಿಸುವ 233 ನಂಬರಿನ ನಾಝಲ್. ಅದರ ತೂತುಗಳು ಸಣ್ಣವು, ಒಂದು ಗಂಟು ಸಾಕು ಕಟ್ಟಿಕೊಳ್ಳಲು; ಮೇಲೆ ಜರಡಿ ಅಂದದ್ದು ಅದಕ್ಕೇ. ಮೂತಿಯ ಕಡೆಯಿಂದ ಹೊರಕ್ಕೆ ಎಳೆಯದೆ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಬನ್ನಿ, ಆಗ ಕೂದಲು ಒಂದರ ಮೇಲೊಂದು ಕೂರುತ್ತದೆ. ಉಗುರಿಗೆ ಬಾದಾಮಿ ಸೀಳು.

ಬೆಣ್ಣೆ ಕ್ರೀಮ್ ಈ ಪೈಗೆ ಅತಿ ಸಿಹಿ, ಅತಿ ಭಾರ.

ಮನೆಯಲ್ಲೇ ಕತ್ತರಿಸುವವರಿಗೆ ಹಾಲಿನ ಕ್ರೀಮ್. ಮೇಣದಬತ್ತಿ ಹಚ್ಚುವ ಹೊತ್ತಿಗೆ ಫ್ರಿಜ್ಜಿನಿಂದ ತೆಗೆದರೆ ಫೋಟೊ, ಹಾಡು, ಹಂಚಿಕೆ ಮುಗಿಯುವ ತನಕ ಜುಂಗು ನಿಲ್ಲುತ್ತದೆ. ಪೈಯನ್ನು ಸ್ಕೂಟರಿನಲ್ಲಿ ಕಂಪ್ಲಿಗೋ ಸಿರುಗುಪ್ಪಕ್ಕೋ ಒಯ್ಯಬೇಕಿದ್ದರೆ ಮಾತ್ರ ಟಾಪಿಂಗ್ ತೆಗೆದುಕೊಳ್ಳಿ, ಅದೂ ಮಾಲು ಬೇಗ ಖಾಲಿಯಾಗುವ ಅಂಗಡಿಯಿಂದ.